ಹೆಸರು ಹೇಳದೆ

ಜರ್ಮನಿಯ ನಡುಭಾಗದಲ್ಲಿರುವ ಎರ್‌ಫುರ್ಟ್ ಎಂಬ ಊರಿನ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಒಂದು ಹಳೆಯ ದೊಡ್ಡ ಕಟ್ಟಡ ಕಾಣುತ್ತದೆ. ಹಿಂದೆ ಅದು ‘ಎರ್‌ಫುರ್ಟರ್ ಹೋಫ್’ ಎಂಬ ಹೋಟೆಲಾಗಿದ್ದಿತು, ಈಗ ಹೋಟೆಲಲ್ಲ. ಅದರ ನೆತ್ತಿಯ ಮೇಲೆ ದೀಪದ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಕಳೆದ ಡಿಸೆಂಬರಿನ ಒಂದು ಸಂಜೆ, ನಾಲ್ಕೂವರೆಗೇ ಕತ್ತಲಾಗುವ ಆ ಚಳಿಯಲ್ಲಿ, ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು ನಾನು ಆ ಅಕ್ಷರಗಳನ್ನು ಕೂಡಿಸಿ ಓದಲು ಹೆಣಗುತ್ತಿದ್ದೆ.

“ಏನೋ ಅದು? ಸಾಬೂನಿನ ಜಾಹೀರಾತೇ?”

“ಅಲ್ಲ ಚಿಕ್ಕಪ್ಪ. ‘ವಿಲ್ಲಿ ಬ್ರಾಂಟ್, ಕಿಟಕಿಗೆ ಬನ್ನಿ’ ಅಂತ ಬರೆದಿದೆ” ಎಂದ ಜೊತೆಯಲ್ಲಿದ್ದ ಹುಡುಗ.

ಈ ಹುಡುಗ ನಮ್ಮಣ್ಣನ ಮಗ. ಅಲ್ಲಿಗೆ ಅರ್ಧ ಗಂಟೆಯ ದಾರಿಯ ಯೇನಾ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ಫ್ರಾಂಕ್‌ಫರ್ಟಿನ ನಾದಿನಿಯ ಮನೆಗೆ ನಾನು ಬಂದಿರುವ ಸುದ್ದಿ ಅವನಿಗೆ ಹೇಗೋ ತಿಳಿದು, “ಎರ್‌ಫುರ್ಟಿನವರೆಗೆ ಬನ್ನಿ, ನಾನು ಬಂದು ಸೇರುತ್ತೇನೆ” ಎಂದು ಕರೆದಿದ್ದ. ನಾನೂ ನಮ್ಮಣ್ಣನೂ ಮಾತು ಬಿಟ್ಟು ಆರು ವರ್ಷವಾಯಿತು. ಆ ವಿಷಯ ಆಮೇಲೆ.

ಕಿಟಕಿಯ ಕಥೆ ಹೀಗೆ. 1949ರಲ್ಲಿ ಜರ್ಮನಿ ಎರಡು ರಾಜ್ಯಗಳಾಯಿತು. ಪಶ್ಚಿಮದ್ದು ಅಮೆರಿಕದ ಕಡೆ, ಪೂರ್ವದ್ದು ರಷ್ಯದ ಕಡೆ. 1970ರ ಮಾರ್ಚಿ 19ರಂದು, ಇಪ್ಪತ್ತು ವರ್ಷಗಳ ಮುನಿಸಿನ ನಂತರ, ಎರಡೂ ಕಡೆಯ ಸರಕಾರಗಳ ಮುಖ್ಯಸ್ಥರು ಮೊದಲ ಬಾರಿಗೆ ಎದುರೆದುರು ಕುಳಿತು ಮಾತನಾಡಿದ್ದು ಈ ಹೋಟೆಲಿನಲ್ಲಿ. ಪಶ್ಚಿಮದ ಚಾನ್ಸಲರ್ ವಿಲ್ಲಿ ಬ್ರಾಂಟ್ ರೈಲಿನಲ್ಲಿ ಬಂದಿಳಿದರು. ಪೂರ್ವದ ಮುಖ್ಯಸ್ಥರ ಹೆಸರು ವಿಲ್ಲಿ ಷ್ಟೋಫ್. ಪೊಲೀಸರ ಸಾಲನ್ನು ಭೇದಿಸಿ ನುಗ್ಗಿದ ಜನ ಮೊದಲು “ವಿಲ್ಲಿ, ವಿಲ್ಲಿ” ಎಂದು ಕೂಗಿದರು. ಯಾವ ವಿಲ್ಲಿ? ಇಬ್ಬರೂ ವಿಲ್ಲಿಗಳೇ! ನಮ್ಮ ವಿಲ್ಲಿಗೇ ಜಯಕಾರ ಹಾಕಿದರೆಂದು ಪೂರ್ವದ ಸರಕಾರ ಹೇಳಿಬಿಡಬಹುದಲ್ಲವೇ? ಆದ್ದರಿಂದ ಜನ ಮನೆತನದ ಹೆಸರನ್ನೂ ಸೇರಿಸಿ, ಸಂದೇಹಕ್ಕೆ ಎಡೆಯಿಲ್ಲದಂತೆ ಕೂಗಿದರು. ಆ ಕೂಗೇ ಈಗ, 2009ರಿಂದ, ಮಾಳಿಗೆಯ ಮೇಲೆ ಉರಿಯುತ್ತಿರುವುದು.

ಬ್ರಾಂಟ್ ಕಿಟಕಿಗೆ ಬಂದರು. ಆದರೆ ಕೈಯೆತ್ತಿ ಬೀಸಲಿಲ್ಲ. ಮಗುವನ್ನು ಸಮಾಧಾನಪಡಿಸುವವರಂತೆ ಅಂಗೈಯನ್ನು ಕೆಳಮುಖ ಮಾಡಿ, ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡಿದರು. ತಾನೇನೋ ಮರುದಿನ ತನ್ನ ಊರಿನಲ್ಲಿರುತ್ತೇನೆ, ಈ ಜನ ಇಲ್ಲಿಯೇ ಇರಬೇಕಲ್ಲ ಎಂಬ ಅಳುಕು ಆಗ ತಮ್ಮನ್ನು ಹಿಡಿಯಿತೆಂದು ಅವರು ಮುಂದೆ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅಳುಕು ಸುಳ್ಳಾಗಲಿಲ್ಲ, ಕೂಗಿದವರಲ್ಲಿ ಕೆಲವರನ್ನು ಪೊಲೀಸರು ಹಿಡಿದೊಯ್ದರು.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ರಾಜಕಾರಣದಲ್ಲೂ ಕಣ್ಣಿಗೆ ಬೀಳುವುದು ಶಬ್ದವೇ. ಈ ಎರಡು ಜರ್ಮನಿಗಳ ಜಗಳದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರಿನ ಜಗಳ. ಪೂರ್ವದವರು ತಮ್ಮದು ‘ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯ’ ಎಂದರು. ಪಶ್ಚಿಮದವರಿಗೆ ಅದು ಬಹುಕಾಲ ಬರಿಯ ‘ವಲಯ’ — ರಷ್ಯದ ಸೈನ್ಯ ಹಿಡಿದಿದ್ದ ತುಂಡು. ಪಶ್ಚಿಮದ ಷ್ಪ್ರಿಂಗರ್ ಸಂಸ್ಥೆಯ ಪತ್ರಿಕೆಗಳು ಆ ರಾಜ್ಯದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೂಡಿಸದೆ ಅಚ್ಚು ಹಾಕುತ್ತಲೇ ಇರಲಿಲ್ಲ. ಆ ಪುಟ್ಟ ಚಿಹ್ನೆಗಳು ಉದುರಿದ್ದು 1989ರಲ್ಲಿ! ಇಷ್ಟೇ ಅಲ್ಲ, ಪೂರ್ವ ಜರ್ಮನಿಗೆ ಯಾವ ದೇಶ ಮನ್ನಣೆ ಕೊಟ್ಟರೂ ಅದನ್ನು ಹಗೆತನವೆಂದೇ ಎಣಿಸುವುದಾಗಿ ಪಶ್ಚಿಮ ಜರ್ಮನಿ 1955ರಲ್ಲಿ ಸಾರಿತು. 1957ರಲ್ಲಿ ಯುಗೋಸ್ಲಾವಿಯದೊಡನೆ ಹಾಗೆಯೇ ಸಂಬಂಧ ಕಡಿದುಕೊಂಡಿತು. ನಮ್ಮ ದೇಶ ಪೂರ್ವದವರೊಡನೆ ಪೂರ್ಣ ರಾಯಭಾರ ಸಂಬಂಧ ಬೆಳೆಸಿದ್ದು 1972ರ ಅಕ್ಟೋಬರಿನಲ್ಲಿ.

ನನ್ನ ಮನಸ್ಸನ್ನು ಹೆಚ್ಚು ಸೆಳೆದಿರುವುದು ಎರ್‌ಫುರ್ಟಿಗೂ ಹಿಂದಿನ ಒಂದು ಸಣ್ಣ ಕಾಗದ. 1961ರ ಆಗಸ್ಟ್ 13ರ ರಾತ್ರಿ ಬೆರ್ಲಿನ್ ನಗರದ ನಡುವೆ ಮುಳ್ಳುತಂತಿ ಬಿದ್ದು, ಅದೇ ಗೋಡೆಯಾಗಿ ಬೆಳೆಯಿತು. ಪಶ್ಚಿಮ ಬೆರ್ಲಿನಿನವರಿಗೆ ಎರಡು ವರ್ಷ ಆಚೆ ಬೀದಿಯ ತಾಯಿಯ ಮುಖ ಕಾಣಲಿಲ್ಲ. ಆಗ ಪಶ್ಚಿಮ ಬೆರ್ಲಿನಿನ ಮೇಯರ್ ಆಗಿದ್ದವರು ಇದೇ ಬ್ರಾಂಟ್. 1963ರ ಕ್ರಿಸ್‌ಮಸ್ ಹತ್ತಿರ ಬಂದಂತೆ, ಹಬ್ಬಕ್ಕಾದರೂ ಜನ ಬಂಧುಗಳನ್ನು ಕಂಡುಬರಲಿ ಎಂದು ಮಾತುಕತೆ ಆರಂಭವಾಯಿತು. ಆದರೆ ಕಾಗದಕ್ಕೆ ರುಜು ಹಾಕುವವರು ಯಾರು, ಯಾವ ಅಧಿಕಾರದಿಂದ, ಯಾವ ಊರಿನ ಪರವಾಗಿ? ಪೂರ್ವದವರಿಗೆ ಬೆರ್ಲಿನ್ ತಮ್ಮ ರಾಜಧಾನಿ. ಹಾಗೆ ಬರೆದರೆ ಪಶ್ಚಿಮದವರು ಒಪ್ಪರು.

ಕೊನೆಗೆ ಡಿಸೆಂಬರ್ 17ರಂದು ಕಾಗದವಾಯಿತು. ಅದರಲ್ಲೇ ಒಂದು ವಾಕ್ಯ ಸೇರಿಸಿದರು: ಸ್ಥಳಗಳನ್ನೂ ಕಚೇರಿಗಳನ್ನೂ ಅಧಿಕಾರಗಳನ್ನೂ ಯಾವ ಹೆಸರಿನಿಂದ ಕರೆಯಬೇಕೆಂಬುದರಲ್ಲಿ ಒಮ್ಮತಕ್ಕೆ ಬರಲಾಗಲಿಲ್ಲ ಎಂದು! ಒಪ್ಪಂದದೊಳಗೇ ಒಪ್ಪಲಿಲ್ಲ ಎಂಬುದಕ್ಕೂ ಒಂದು ಸಾಲು. ಇನ್ನೊಂದು ಚಮತ್ಕಾರ ನೋಡಿ. ರಹದಾರಿಯ ಅರ್ಜಿಗಳನ್ನು ಪಶ್ಚಿಮ ಬೆರ್ಲಿನಿನಲ್ಲಿ ಕುಳಿತು ತೆಗೆದುಕೊಳ್ಳಲು ಪೂರ್ವದ ಅಂಚೆ ನೌಕರರು ಬಂದರು. ಸರಕಾರಿ ಅಧಿಕಾರಿ ಬಂದರೆ ಪರರಾಜ್ಯದ ಅಧಿಕಾರಕ್ಕೆ ಮಣಿದಂತಾಗುತ್ತದೆ. ಅಂಚೆಯವನು ಬಂದರೆ ಯಾರ ಮಾನವೂ ಹೋಗುವುದಿಲ್ಲ. ಅಂಚೆಯವನನ್ನು ಯಾವ ಮನೆಯವರು ತಾನೆ ಬಾಗಿಲಿನಿಂದಾಚೆ ನಿಲ್ಲಿಸುತ್ತಾರೆ? ಹಬ್ಬ ಕಳೆದು ಜನವರಿ 5ರವರೆಗೆ, ಒಂದು ದಿನಕ್ಕೆಂದು ಹೋಗಿ ರಾತ್ರಿಗೆ ಮರಳುತ್ತ, ಸುಮಾರು ಹನ್ನೆರಡು ಲಕ್ಷ ಬಾರಿ ಜನ ಗೋಡೆ ದಾಟಿದರು. ಪೂರ್ವದವರು ಪಶ್ಚಿಮಕ್ಕೆ ಬರುವಂತಿರಲಿಲ್ಲ. ಅದೇ ಕ್ರಿಸ್‌ಮಸ್ ದಿನ, ಗೋಡೆ ಹಾರಿ ಪಶ್ಚಿಮಕ್ಕೆ ಬರಲೆತ್ನಿಸಿದ ಹದಿನೆಂಟರ ಹುಡುಗನೊಬ್ಬ ಕಾವಲುಗಾರರ ಗುಂಡಿಗೆ ಬಲಿಯಾದ.

ಹೆಸರನ್ನು ಬದಿಗಿಟ್ಟು ಕೆಲಸ ಸಾಗಿಸುವ ಈ ವಿದ್ಯೆಯನ್ನೇ ಅವರು ಮುಂದೆ ಹಿಗ್ಗಿಸಿಕೊಂಡರು. 1952ರಲ್ಲಿ ಕಡಿದುಹೋಗಿದ್ದ ಬೆರ್ಲಿನ್ನುಗಳ ನಡುವಿನ ದೂರವಾಣಿ 1971ರ ಜನವರಿಯಲ್ಲಿ ಮತ್ತೆ ಉಸಿರಾಡಿತು. 1972ರ ಡಿಸೆಂಬರ್ 21ರಂದು ಎರಡು ರಾಜ್ಯಗಳೂ ಮೂಲ ಒಪ್ಪಂದಕ್ಕೆ ರುಜು ಹಾಕಿದವು. ಮರುವರ್ಷ ಎರಡೂ ವಿಶ್ವಸಂಸ್ಥೆಯ ಸದಸ್ಯರಾದವು. ಆದರೂ ರಾಯಭಾರ ಕಚೇರಿ ಎನ್ನಲಿಲ್ಲ, ‘ಖಾಯಂ ಪ್ರತಿನಿಧಿ ಕಚೇರಿ’ ಎಂದರು. ಪಶ್ಚಿಮದ ಪ್ರತಿನಿಧಿ ಪೂರ್ವದ ವಿದೇಶಾಂಗ ಖಾತೆಗೆ ಹೋಗಬೇಕು. ಪೂರ್ವದ ಪ್ರತಿನಿಧಿ ಪಶ್ಚಿಮದಲ್ಲಿ ವಿದೇಶಾಂಗ ಖಾತೆಯ ಮೆಟ್ಟಿಲು ಹತ್ತುವಂತಿಲ್ಲ, ನೇರವಾಗಿ ಚಾನ್ಸಲರರ ಕಚೇರಿಗೇ ಹೋಗಬೇಕು. ಒಬ್ಬರ ಲೆಕ್ಕದಲ್ಲಿ ಬಂದವನು ಪರದೇಶಿ. ಇನ್ನೊಬ್ಬರ ಲೆಕ್ಕದಲ್ಲಿ ಮನೆಯವನು.

ಇದನ್ನು ಸೋಗೆಂದು ಹಳಿದವರು ಬಹಳ. ಗೋಡೆ ಕಟ್ಟಿದವರ ಕೈ ಕುಲುಕಿದರೆ ಗೋಡೆಗೇ ಮುದ್ರೆ ಒತ್ತಿದಂತಾಗುವುದಿಲ್ಲವೇ ಎಂದು ಅವರು ಕೇಳಿದರು. 1972ರ ಏಪ್ರಿಲಿನಲ್ಲಿ ಬ್ರಾಂಟರ ಸರಕಾರ ಉಳಿದದ್ದು ಎರಡೇ ಮತಗಳ ಅಂತರದಿಂದ. ಆ ಪ್ರಶ್ನೆಯನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಬೆರ್ಲಿನ್ ಗೋಡೆಯಲ್ಲಿ ಸತ್ತವರು ಕಡಮೆಯೆಂದರೂ 140 ಮಂದಿ. ಅವರಲ್ಲಿ ಗುಂಡಿಗೆ ಬಲಿಯಾದ ಕೊನೆಯವನು ಇಪ್ಪತ್ತರ ತರುಣ, 1989ರ ಫೆಬ್ರವರಿಯಲ್ಲಿ — ಎಲ್ಲ ಒಪ್ಪಂದಗಳೂ ಜಾರಿಯಲ್ಲಿದ್ದಾಗಲೇ. ಆದರೆ 1963ರಲ್ಲಿ ಹೆಸರು ತೀರ್ಮಾನವಾಗುವವರೆಗೂ ಕಾದಿದ್ದರೆ, ಆ ವರ್ಷ ಆಚೆ ಬೀದಿಯಲ್ಲಿ ಕಣ್ಣು ಮುಚ್ಚಲಿದ್ದ ಮುದುಕಿಯರು ಮಗನನ್ನು ಕಾಣದೆಯೇ ಹೋಗುತ್ತಿದ್ದರು. ಇಷ್ಟು ಮಾತ್ರ ನನಗೆ ಗಟ್ಟಿಯಾಗಿ ಗೊತ್ತು.

ಮನೆಯ ಜಗಳವನ್ನು ರಾಷ್ಟ್ರಗಳ ಜಗಳಕ್ಕೆ ಹೋಲಿಸುವುದು ಮೇಷ್ಟರುಗಳ ಹಳೆಯ ಚಾಳಿ. ನಮ್ಮ ಗೋಡೆಗೆ ಕಾವಲುಗಾರರಿಲ್ಲ, ಗುಂಡಿಲ್ಲ. ತಂದೆಯವರು ಹೋದ ಮೇಲೆ ನಡುಮನೆಯ ಮಧ್ಯೆ ಎದ್ದ ಬರಿಯ ಇಟ್ಟಿಗೆ ಗೋಡೆ. ಜಗಳವಾದದ್ದು ಪಾಲುಪಾರೀಖತ್ತಿನ ಚೆಕ್ಕುಬಂದಿಯಲ್ಲಿ ಹಿತ್ತಿಲ ಬಾವಿಯನ್ನು ಹೇಗೆ ಕರೆಯಬೇಕೆಂಬುದಕ್ಕೆ. ‘ಸಮಾಯಿಕ ಬಾವಿ’ ಎಂದು ನಾನು, ‘ನನ್ನ ಹಿತ್ತಿಲಿನ ಬಾವಿ’ ಎಂದು ಅಣ್ಣ. ಬಾವಿಯಲ್ಲಿ ನೀರು ಬತ್ತಿ ಹತ್ತು ವರ್ಷವಾಗಿತ್ತು ಎಂಬುದನ್ನು ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ. ಅಮ್ಮ ಅಣ್ಣನ ಕಡೆಗಿದ್ದಾಳೆ. ಅವಳನ್ನು ನೋಡಲು ಅವನು ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು ಹೋಗುತ್ತೇನೆ.

ಎರ್‌ಫುರ್ಟಿನಲ್ಲಿ ಹುಡುಗನೊಡನೆ ಮೂರು ಗಂಟೆ ತಿರುಗಾಡಿದೆ. ಅಷ್ಟು ಹೊತ್ತೂ ಅವನು ಒಮ್ಮೆಯೂ “ಅಪ್ಪ” ಎನ್ನಲಿಲ್ಲವೆಂಬುದು ತಡವಾಗಿ ಹೊಳೆಯಿತು. “ಮನೆಯಲ್ಲಿ ಹೊಸ ಒಲೆ ತಂದಿದ್ದಾರೆ”, “ಮನೆಯಲ್ಲಿ ಮಂಡಿನೋವು ಅಂತಿದ್ದರು” — ಎಲ್ಲಕ್ಕೂ ‘ಮನೆಯಲ್ಲಿ’. ನಾನೂ ಕಡಮೆಯವನೇ? “ಊರಲ್ಲಿ ಹೇಗಿದ್ದಾರೆ?” ಎಂದು ಕೇಳಿದ್ದೆ. ಕರ್ತೃವೇ ಇಲ್ಲದ ವಾಕ್ಯ. ಕ್ರಿಯಾಪದದಲ್ಲೇ ಮರ್ಯಾದೆ ಅಡಗಿಸಿ ಹೆಸರು ಬಿಟ್ಟುಬಿಡಲು ನಮ್ಮ ಭಾಷೆ ಒದಗಿಸುವ ಅನುಕೂಲವನ್ನು ತರಗತಿಯಲ್ಲಿ ಎಷ್ಟು ಸಲ ಹೊಗಳಿದ್ದೇನೋ!

ದೀಪದ ಅಕ್ಷರಗಳು ಹಿಂದೆ ಕಾಣುವಂತೆ ಅವನು ನನ್ನದೊಂದು ಫೋಟೋ ತೆಗೆದ. ಫೋನನ್ನು ಕೈಯಲ್ಲೇ ಹಿಡಿದು ಸ್ವಲ್ಪ ತಡೆದು, “ಮನೆಗೆ ಕಳಿಸಲೇ ಚಿಕ್ಕಪ್ಪ?” ಎಂದ.

“ಕಳಿಸು” ಎಂದೆ.

ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದೊಳಗೆ ಕಾಫಿ ಕುಡಿಯುತ್ತಿದ್ದಾಗ ಅವನ ಫೋನು ಸದ್ದು ಮಾಡಿತು. ಅಲ್ಲಿ ಆಗ ರಾತ್ರಿ ಹತ್ತರ ಮೇಲಾಗಿರಬೇಕು. ನೋಡಿ, ನನ್ನತ್ತ ತಿರುಗದೆ ಲೋಟವನ್ನೇ ನೋಡುತ್ತ ಹೇಳಿದ:

“ಅಷ್ಟು ಚಳಿಯಲ್ಲಿ ಬರೀ ಶಾಲು ಸಾಕೇ ಅಂತ ಕೇಳಿದ್ದಾರೆ.”

“ಒಳಗೆ ಸ್ವೆಟರ್ ಇದೆ ಅಂತ ಹೇಳು” ಎಂದೆ.