ಎಲಾಸ್ಟಿಕ್ ಅಮ್ಮ

ಮೊದಲ ಸಲದ ಹೋಳಿಗೆ ಚೆನ್ನಾಗಿ ಬಂದುಬಿಟ್ಟರೆ ಎರಡನೆಯ ಸಲ ಕಣಕ ಕಲಸುವಾಗ ಕೈ ಅಳುಕುತ್ತದೆ. ಸಿನಿಮಾದವರ ಪಾಡೂ ಅದೇ ಇರಬೇಕು. ‘ದಿ ಇನ್‌ಕ್ರೆಡಿಬಲ್ಸ್’ ಎಂಬ ಕಾರ್ಟೂನ್ ಚಿತ್ರ ಬಂದದ್ದು 2004ರಲ್ಲಿ. ಅದೇ ನಿರ್ದೇಶಕ ಬ್ರ್ಯಾಡ್ ಬರ್ಡ್ ಎರಡನೆಯ ಭಾಗ ತರುವಷ್ಟರಲ್ಲಿ 2018 ಆಗಿತ್ತು. 14 ವರ್ಷ, ರಾಮನ ವನವಾಸದಷ್ಟು! ಆದರೆ ಮೊದಲನೆಯದು ನಿಂತ ಜಾಗದಲ್ಲೇ ಎರಡನೆಯದು ಶುರು. ಮಗು ಜ್ಯಾಕ್-ಜ್ಯಾಕ್ ಇನ್ನೂ ಮಗುವೇ. ನಮ್ಮ ಮಕ್ಕಳೂ ಹಾಗೇ ನಿಂತಿದ್ದರೆ ಯೂನಿಫಾರಂ ಖರ್ಚಾದರೂ ಉಳಿಯುತ್ತಿತ್ತು.

ಕೈಗಾದವರು ವಾಸಿಸುವ ಮಲ್ಲಾಪುರದ ಕಾಲನಿಯಲ್ಲಿ, ಮಳೆಗೆ ಶಾಲೆ ರಜೆಯಾದ ದಿನ ಮಗಳೊಂದಿಗೆ ಎರಡನ್ನೂ ಬೆನ್ನುಬೆನ್ನಿಗೆ ನೋಡಿದೆ. ನಮ್ಮವರು ನೈಟ್ ಶಿಫ್ಟ್ ಮುಗಿಸಿ ಮಲಗಿದ್ದರಿಂದ ಟಿ.ವಿ. ದನಿ ಸಣ್ಣಗೆ.

ಮೊದಲನೆಯದು ಮೇಲ್ನೋಟಕ್ಕೆ ಬಾಬ್‌ನ ಕಥೆ. ಸೂಪರ್‌ಹೀರೋಗಳಿಗೆ ನಿಷೇಧ ಬಿದ್ದ ಮೇಲೆ ವಿಮಾ ಕಂಪನಿಯ ಕುರ್ಚಿಯಲ್ಲಿ ಉಸಿರುಕಟ್ಟಿ ಕೂತ ಗಂಡಸು. ನನ್ನ ಮನಸ್ಸು ನೆಟ್ಟದ್ದು ಅವನ ಹೆಂಡತಿ ಹೆಲೆನ್ ಮೇಲೆ. ಅವಳ ಮೈ ರಬ್ಬರಿನಂತೆ ಹಿಗ್ಗುತ್ತದೆ. (ಅದರಲ್ಲೇನು ವಿಶೇಷ, ಎಲ್ಲ ಅಮ್ಮಂದಿರದೂ ಹಿಗ್ಗುತ್ತದಲ್ಲ!) ಗಂಡನ ಕೋಟಿನಲ್ಲಿ ಬೇರೆ ಹೆಂಗಸಿನ ಕೂದಲು ಸಿಕ್ಕಾಗಿನ ಅವಳ ಮುಖ ನೋಡಬೇಕು. ಆಮೇಲೆ, ಕ್ಷಿಪಣಿ ಬಡಿದು ವಿಮಾನ ಸಿಡಿಯುವಾಗ ಇಬ್ಬರು ಮಕ್ಕಳನ್ನು ಮೈಯಿಂದ ಸುತ್ತಿಕೊಳ್ಳುತ್ತಾಳೆ; ಬೀಳುವಾಗ ತಾನೇ ಪ್ಯಾರಾಶೂಟು, ಸಮುದ್ರಕ್ಕೆ ಬಿದ್ದ ಮೇಲೆ ತಾನೇ ದೋಣಿ. ಮಗ ಡ್ಯಾಶ್ ಕಾಲು ಬಡಿದು ಮೋಟಾರಾಗುತ್ತಾನೆ. ಅವಳಿಗೆ ಯಾರೂ ಶಹಭಾಸ್ ಅನ್ನುವುದಿಲ್ಲ. ಅವಳೂ ಕಾಯುವುದಿಲ್ಲ.

ಎರಡನೆಯದರಲ್ಲಿ ಹೆಲೆನ್ ಕೆಲಸಕ್ಕೆ ಹೊರಡುತ್ತಾಳೆ, ಬಾಬ್ ಮನೆ ನೋಡಿಕೊಳ್ಳುತ್ತಾನೆ. ಡ್ಯಾಶ್‌ನ ಹೊಸ ಗಣಿತ, ವಯೊಲೆಟ್‌ಳ ಮುನಿಸು, ಮಗುವಿನ ರಾತ್ರಿ ಜಾಗರಣೆ. ನಾಲ್ಕು ದಿನಕ್ಕೆ ಅವನ ಕಣ್ಣ ಕೆಳಗೆ ಕಪ್ಪು. ನಕ್ಕೆ, ನಿಜ. ಕಸದ ಬುಟ್ಟಿಗೆ ಬಂದ ರಕೂನಿನ ಜೊತೆ ಮಗು ಕಾದಾಡುವಾಗ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಆದರೆ ಖಳ ಯಾರೆಂದು ಅರ್ಧ ದಾರಿಯಲ್ಲೇ ತಿಳಿಯುತ್ತದೆ. ಅದಕ್ಕಿಂತ, ಬಾಬ್‌ನ ಆ ನಾಲ್ಕು ದಿನವೇ ಮಹಾಸಾಹಸವಾದದ್ದು ಯಾಕೋ ಚುಚ್ಚಿತು. ಮೊದಲ ಚಿತ್ರದ ಅಷ್ಟೂ ವರ್ಷ ಆ ಮನೆ ತಾನಾಗಿ ನಡೆದಿತ್ತೆ? ನಾನೊಮ್ಮೆ ಮೂರು ದಿನ ತರಬೇತಿಗೆ ಹೋದಾಗ ನಮ್ಮವರು ಮನೆ ಸಂಭಾಳಿಸಿದ ವೃತ್ತಾಂತವನ್ನು ನೆಂಟರೆಲ್ಲ ಮೂರು ತಿಂಗಳು ಕೇಳಿದ್ದಾರೆ.

ಆ ಚಿತ್ರ ತೆರೆಕಂಡ ವರ್ಷವೇ ನಮ್ಮ ಕೈಗಾದ ಒಂದನೆಯ ಘಟಕ 962 ದಿನ ಎಡೆಬಿಡದೆ ನಡೆದು, ಡಿಸೆಂಬರ್ 31ರಂದು ನಿಂತಿತು. ಇಂಗ್ಲೆಂಡಿನ ಸ್ಥಾವರವೊಂದರ 940 ದಿನದ ವಿಶ್ವದಾಖಲೆ ಮುರಿದಿತ್ತು, ಪತ್ರಿಕೆಗಳಲ್ಲೆಲ್ಲ ಸುದ್ದಿ. ನಮಗೂ ಹೆಮ್ಮೆಯೇ. ಆ 962 ದಿನವೂ ಶಿಫ್ಟಿಗೆ ತಕ್ಕಂತೆ ಹೊತ್ತಲ್ಲದ ಹೊತ್ತಿನಲ್ಲಿ ಉರಿದ ಒಲೆಗಳ ಲೆಕ್ಕ ಇಟ್ಟವರಿಲ್ಲ, ಅಷ್ಟೆ.

ಹಾಗಾಗಿ ನನ್ನ ಮತ ಮೊದಲನೆಯದಕ್ಕೇ. ಮಗಳು ಒಪ್ಪಲಿಲ್ಲ. “ಆಯಿ, ಎರಡನೇದ್ರಲ್ಲಿ ಅವಳು ಬೈಕ್ ಓಡಿಸ್ಕೊಂಡು ರೈಲು ನಿಲ್ಲಿಸ್ತಾಳೆ. ಮಕ್ಕಳು ಜೊತೆಗಿಲ್ಲ. ಎಷ್ಟು ಖುಷಿಯಾಗಿದ್ದಾಳೆ, ನೋಡಿದ್ಯಾ?” ಎಂದಳು. ನೋಡಿದ್ದೆ. ನಿಜಕ್ಕೂ ಖುಷಿಯಾಗಿಯೇ ಇದ್ದಳು. ಆ ದೃಶ್ಯ ಇನ್ನೊಮ್ಮೆ ಹಾಕಿಸಿ ಇಬ್ಬರೂ ನೋಡಿದೆವು.

ಮೂರನೆಯ ಭಾಗವೂ ಬರುವುದಾಗಿ 2024ರಲ್ಲಿ ಸಾರಿದ್ದಾರೆ. ರೈಲು ನಿಲ್ಲಿಸಿ ಮನೆಗೆ ಬಂದ ಸಂಜೆ ಸಿಂಕಿನಲ್ಲಿ ಎಷ್ಟು ಪಾತ್ರೆ ಕಾದಿತ್ತು ಎಂಬುದನ್ನೂ ಅದರಲ್ಲಿ ತೋರಿಸಿಯಾರೆ?