ಚಿನ್ನದ ಗಣಿಯೂ ಗಾಜಿನ ಫೋನೂ

ಹುತ್ತೂರಿನ ಕಟ್ಟೆಯ ಮೇಲೆ ಈಗ ಟೊಮೆಟೊ ಬೆಲೆಯ ಜೊತೆಗೆ ಐಫೋನಿನ ಮಾತೂ ನಡೆಯುತ್ತದೆ. ಅದಕ್ಕೆ ಕಾರಣ, ಇದೇ ಕೋಲಾರ ತಾಲ್ಲೂಕಿನ ನರಸಾಪುರ. ಅಲ್ಲಿ 2020ರಲ್ಲಿ ವಿಸ್ಟ್ರಾನ್ ಕಂಪನಿ ಆಪಲ್ ಫೋನುಗಳ ಜೋಡಣೆ ಆರಂಭಿಸಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂತು.

"ವರ್ಷಕ್ಕೊಂದು ಫೋನು ಬರುತ್ತೆ, ಕ್ಯಾಮೆರಾ ಜಾಗ ಬದಲಾಗುತ್ತೆ. ಹೊಸದೇನಿದೆ ತಾತಾ?" ಎನ್ನುತ್ತಾನೆ ಮೊಮ್ಮಗ. ತಾತನ ಚಿಂತೆಯೇ ಬೇರೆ: "ಹೊಸದಿಲ್ಲದಿದ್ರೆ ಜನ ಕೊಳ್ತಾರಾ? ನಿಮ್ಮಕ್ಕನ ಕೆಲಸದ ಗತಿ ಏನಪ್ಪಾ?"

ತಾತನ ಅಂಜಿಕೆ ಸುಮ್ಮನೆ ಬಂದದ್ದಲ್ಲ. ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕಿಳಿದ ಕೆ.ಜಿ.ಎಫ್. ಗಣಿ, ತೆಗೆಯುವ ಖರ್ಚು ಸಿಗುವ ಚಿನ್ನವನ್ನು ಮೀರಿದಾಗ, 2001ರ ಫೆಬ್ರವರಿ 28ರಂದು ಮುಚ್ಚಿದ್ದನ್ನು ಈ ಜಿಲ್ಲೆ ಕಂಡಿದೆ.

ಮೊಮ್ಮಗನ ಮಾತೂ ಅರ್ಧ ನಿಜ. 2007ರಲ್ಲಿ ಗುಂಡಿಗಳ ಸಾಲನ್ನು ಕಿತ್ತು ಗಾಜನ್ನು ಬೆರಳಿಗೆ ಒಪ್ಪಿಸಿದಾಗಿನ ಬೆರಗು ಮತ್ತೆ ಬರಲಿಲ್ಲ. ಮಡಚುವ ಫೋನನ್ನು 2019ರಲ್ಲೇ ಸ್ಯಾಮ್‌ಸಂಗ್ ಮಾರಿತು. ಆದರೆ ಹೊಸತನ ಕಣ್ಣಿಗೆ ಕಾಣದ ಕಡೆಗೆ ಸರಿದಿದೆ. 2013ರ ಎ7 ಚಿಪ್ಪಿನಲ್ಲಿ ಸುಮಾರು 100 ಕೋಟಿ ಟ್ರಾನ್ಸಿಸ್ಟರುಗಳಿದ್ದವು. 2023ರ ಎ17 ಪ್ರೊ ಚಿಪ್ಪಿನಲ್ಲಿ 1,900 ಕೋಟಿ. ಚಿಪ್ಪಿನ ಅಗಲ ಮಾತ್ರ ಅಂದಿನಂತೆ ಹೆಬ್ಬೆರಳಿನ ಉಗುರಿನಷ್ಟೇ!

ಆದರೆ ಆ ಚಿಪ್ಪಿನ ವಿನ್ಯಾಸ ಕ್ಯಾಲಿಫೋರ್ನಿಯಾದ್ದು, ತಯಾರಿಕೆ ತೈವಾನಿನದು. ನರಸಾಪುರದ್ದು ಜೋಡಿಸುವ ಕೈ. ಫೋನು ಹೆಚ್ಚು ವರ್ಷ ಬಾಳಿದರೆ ಕೊಂಡವರಿಗೆ ಲಾಭ, ಆ ಕೈಗೆ ಮಾತ್ರ ಕೆಲಸ ಕಡಿಮೆ.

ಅಕ್ಕನಿಗೂ ಇದು ಗೊತ್ತು. ರಜೆಯ ದಿನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಪುಸ್ತಕ ಹಿಡಿದು ಕೂರುತ್ತಾಳೆ. "ಜೋಡಿಸೋದು ಬಂತು ತಾತಾ, ಒಳಗೇನಿದೆ ಅಂತ ತಿಳಕೋಬೇಕಲ್ಲ" ಎನ್ನುತ್ತಾಳೆ. ಗಣಿಯ ಕೆಲಸ ಒಂದು ದಿನ ಮುಗಿಯಿತು. ಕಲಿತದ್ದು ಹಾಗೆ ಮುಗಿಯುವಂಥದ್ದಲ್ಲ.