ಗುಜರಿ ಸಾಮಾನಿನ ಆಟದ ಬಯಲು

ಮಗಳ ಬಾಣಂತನಕ್ಕೆಂದು ಕೋಪನ್‌ಹೇಗನ್ನಿಗೆ ಹೋಗಿದ್ದೆ. ಸಮುದ್ರದ ದಂಡೆಯ ಮತ್ಸ್ಯಕನ್ಯೆಯನ್ನು ನೋಡದೆ ಬರಬೇಡಿ ಎಂದು ಎಲ್ಲರೂ ಹೇಳಿದ್ದರು. ನೋಡಿದೆ, ಪುಟ್ಟ ಬೊಂಬೆ, ಅಷ್ಟೆ! "ಅಮ್ಮಾ, ನೀನು ನೋಡಬೇಕಾದ್ದು ಬೇರೆ ಇದೆ" ಎಂದು ಮಗಳು ಅಳಿಯಂದಿರ ಜೊತೆ ಎಮ್‌ಡ್ರುಪ್ ಬಡಾವಣೆಗೆ ಕಳಿಸಿದಳು.

ಅಲ್ಲಿ ಕಂಡದ್ದು ಹಳೆಯ ಹಲಗೆ, ಮೊಳೆ, ಮಕ್ಕಳೇ ಬಡಿದು ನಿಲ್ಲಿಸಿದ ಸೊಟ್ಟ ಗುಡಿಸಲು. "ಇದೇನ್ರೀ, ಗುಜರಿ ಅಂಗಡಿಯೇ?" ಅಂದೆ. ಹೆಸರೇ ಅದಂತೆ! 1943ರಲ್ಲಿ, ಡೆನ್ಮಾರ್ಕ್ ಜರ್ಮನರ ವಶದಲ್ಲಿದ್ದಾಗ, ಇದು ಶುರುವಾಯಿತು. ಉದ್ಯಾನ ವಿನ್ಯಾಸಕ ಸಿ. ಟಿ. ಸೋರೆನ್ಸನ್ ಅಚ್ಚುಕಟ್ಟಾದ ಆಟದ ಬಯಲುಗಳನ್ನು ಮಾಡಿಕೊಟ್ಟರೆ, ಮಕ್ಕಳು ಅದನ್ನು ಬಿಟ್ಟು ಮನೆ ಕಟ್ಟುವ ಕಡೆಯ ಮರಳು, ಇಟ್ಟಿಗೆಯಲ್ಲೇ ಆಡುತ್ತಿದ್ದರಂತೆ. ಹಾಗಾದರೆ ಅದನ್ನೇ ಕೊಡೋಣ ಎಂದು ಅವರು 1931ರಲ್ಲೇ ಪುಸ್ತಕದಲ್ಲಿ ಬರೆದಿದ್ದರು. ಕೈಗೂಡಲು ಹನ್ನೆರಡು ವರ್ಷ ಬೇಕಾಯಿತು. ಸುತ್ತ ಮಣ್ಣಿನ ದಿಬ್ಬ, ನಡುವೆ ಬಯಲು. ಮಕ್ಕಳ ಜೊತೆಗಿರಲು ಜಾನ್ ಬರ್ಟೆಲ್ಸನ್ ಬಂದರು. ಪಾಠ ಹೇಳುವುದಕ್ಕಲ್ಲ, ಬೇಕಾದ ಸಾಮಾನು ಒದಗಿಸಿ ಸುಮ್ಮನಿರುವುದಕ್ಕೆ. (ಸುಮ್ಮನಿರುವುದು ಎಷ್ಟು ಕಷ್ಟವೆಂದು ತಾಯಂದಿರಿಗೆ ಗೊತ್ತು!) 1946ರಲ್ಲಿ ಇದನ್ನು ನೋಡಿದ ಇಂಗ್ಲೆಂಡಿನ ಲೇಡಿ ಅಲೆನ್, ಬಾಂಬು ಬಿದ್ದು ಹಾಳಾದ ಲಂಡನ್ನಿನ ಜಾಗಗಳಲ್ಲೂ ಇಂಥವು ಆಗಬೇಕೆಂದು ಹೋರಾಡಿದರು. ತಾನು ಮಾಡಿದ್ದರಲ್ಲೆಲ್ಲ ಇದೇ ಅತಿ ಕುರೂಪಿ, ಆದರೂ ಇದೇ ಅತಿ ಚೆಲುವು ಎಂದು ಸೋರೆನ್ಸನ್ ಹೇಳಿಕೊಂಡಿದ್ದರಂತೆ.

ಅಳಿಯಂದಿರು ಇದನ್ನೆಲ್ಲ ಹೇಳುತ್ತಿದ್ದರೆ ನನಗೆ ಒಳಗೊಳಗೇ ನಾಚಿಕೆ. ನಮ್ಮ ಬೀದಿಯ ಹುಡುಗನೊಬ್ಬ ಖಾಲಿ ಸೈಟಿನ ಹೊಂಗೆಮರದಿಂದ ಬಿದ್ದು ಕೈ ಮುರಿದುಕೊಂಡಾಗ, ಮಾಲೀಕರಿಗೆ ದುಂಬಾಲುಬಿದ್ದು ಮುಳ್ಳುತಂತಿ ಹಾಕಿಸಿದವಳು ನಾನೇ!

ಊರಿಗೆ ಬಂದು ಅದೇ ಮಾಲೀಕರಿಗೆ ಫೋನು ಮಾಡಿದೆ. ನಕ್ಕರು, ಒಪ್ಪಿದರು. ಎದುರುಮನೆಯಾಕೆ ಮಾತ್ರ, "ಮತ್ತೆ ಯಾರಾದ್ರೂ ಬಿದ್ರೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ಗಾಜಿನ ಚೂರು ಆರಿಸಿದೆವು, ಹಾವು ಸೇರದಂತೆ ಪೊದೆ ಸವರಿಸಿದೆವು, ಹಲಗೆಗಳ ತುಕ್ಕುಮೊಳೆ ಕೀಳಿಸಿದೆವು. ಸೊಳ್ಳೆಗೆ ಹೆದರಿ, ಹಳೆಯ ಟೈರುಗಳಲ್ಲಿ ನೀರು ನಿಲ್ಲದಂತೆ ತೂತು ಕೊರೆಸಿದೆವು. ಮರದಡಿ ಒಂದು ಗಾಡಿ ಮರಳು. ಸಂಜೆ ಸರದಿಯಂತೆ ಒಬ್ಬೊಬ್ಬರು ಮೊರ ಹಿಡಿದು, ಅವರೆಕಾಯಿ ಸುಲಿಯುತ್ತಾ ಅಲ್ಲೇ ಕೂರುತ್ತೇವೆ.

ಕೈ ಮುರಿದುಕೊಂಡಿದ್ದ ಹುಡುಗ ಮೊದಲ ವಾರ ಅಂಚಿನಲ್ಲೇ ನಿಂತಿದ್ದ. ನಿನ್ನೆ ನೋಡಿದರೆ ಹೊಂಗೆಮರದ ಮೇಲಿದ್ದಾನೆ! ಅವನ ತಾಯಿ ಕೆಳಗೆ ನಿಂತು, "ಒಣಗಿದ ಕೊಂಬೆ ಹಿಡೀಬೇಡ್ವೋ" ಎಂದು ಕೂಗುತ್ತಿದ್ದಳು. ಇಳಿ ಎನ್ನಲಿಲ್ಲ.